ಲಾಲ್‌ಬಾಗಿನ ಮೇಲಿನ ಮೋಡ

ಬೆಳಗಿನ ಬಿಸಿಲು ನಂಬಿ, ಗೌಡಗೆರೆಯ ಮನೆಯಂಗಳದಲ್ಲಿ ಕಡ್ಲೇಕಾಯಿ ಒಣಹಾಕಿ ಗಂಡ ಕರಿಯಣ್ಣನ ಜೊತೆ ಬೆಂಗಳೂರು ನೋಡಲು ಬಂದಿದ್ದಳು ಈರಕ್ಕ. ಈಗ ಲಾಲ್‌ಬಾಗಿನ ಮೇಲೆ ಮೋಡ ಕವಿದಿತ್ತು. ಹೂವಂತೆ ಹೂವು, ಯಾರಿಗೆ ಬೇಕಿತ್ತು? ನೆನೆದ ಕಾಯಿ ಬೂಸಲು ಹಿಡಿದರೆ ಇಡೀ ಬೆಳೆ ತಿಪ್ಪೆಗೆ.

"ಊರಲ್ಲೂ ಇಂಗೇ ಕವ್ಕೊಂಡೈತೇನೋ. ಹೋಗಾನ ನಡಿಯಯ್ಯ."

"ಇಲ್ಲಿನ ಮೋಡಕ್ಕೂ ನಮ್ಮೂರಿಗೂ ಏನೇ ಸಂಬಂಧ? ಸುಮ್ಕೆ ಹೂವ ನೋಡು" ಎಂದು ಗದರಿದ ಕರಿಯಣ್ಣ.

ವರ್ಷವಿಡೀ ಮಳೆಗೆ ಕೈಮುಗಿಯುವವಳು ಇವತ್ತು ಬರಬೇಡವೆಂದು ಸೆರಗಿನ ಮರೆಯಲ್ಲಿ ಕೈಮುಗಿದಳು. ಕಣ್ಣು ಬಿಟ್ಟರೆ ಗಂಡ ಪಕ್ಕದಲ್ಲಿಲ್ಲ. ಹುಡುಕಿಕೊಂಡು ಹೋದಳು. ದೊಡ್ಡ ಮರವೊಂದರ ಹಿಂದೆ ನಿಂತು ಅವನು ಪಕ್ಕದ ಮನೆಯ ಲಕ್ಷ್ಮೀಪತಿಗೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದ:

"ಆಗ್ಲೇ ನೋಡ್ದೆ ಅನ್ಬೇಡ. ಇನ್ನೊಂದ್ಸಲ ಆಚೆ ಬಂದು ಮೋಡ ನೋಡ್ಲಾ."