ಕಲ್ಲಪ್ಪ ಕೂತದ್ದು

"ಹೆಣಕ್ಕೆ ಎಣ್ಣೆ ತಿಕ್ತಾ ಕೂತಿದೀಯೇನೇ ಬೋಳಿ? ನಾಳೆ ಬತ್ತೀನಿ. ನಿನ್ ಗಂಡ ಒಬ್ನೇ ನೆಟ್ಟಗೆ ಕೂತಿದ್ರೆ ಕಣ ಕಾಯ್ಕೊಂಡು ಬಿದ್ದಿರ್ಲಿ. ಇಲ್ದಿದ್ರೆ ಗುಡಿಸ್ಲು ಖಾಲಿ ಮಾಡಿ. ಬೇರೆ ಆಳು ಗೊತ್ತು ಮಾಡೀನಿ."

ಗೌಡ ಸೋಮಶೇಖರಪ್ಪ ಬೇಲಿಯಾಚೆಯೇ ನಿಂತು ಇಷ್ಟು ಹೇಳಿ, ಎಲೆಯಡಿಕೆ ಉಗಿದು ಹೋದ. ಜೀತದಾಳು ಕಲ್ಲಪ್ಪನ ಗುಡಿಸಲು ಇದ್ದದ್ದು ಗೌಡನ ಹೊಲದಂಚಿನಲ್ಲಿ. ಜೀತ ಹೋಯಿತೆಂದು ರೇಡಿಯೋ ಕೂಗಿ ವರ್ಷಗಳಾಗಿದ್ದವು. ಅಜ್ಜಂಪುರದಾಚೆಯ ಈ ಹೊಲಕ್ಕೆ ಆ ಕೂಗು ಇನ್ನೂ ಮುಟ್ಟಿರಲಿಲ್ಲ.

ಲಕ್ವ ಹೊಡೆದು ಕಲ್ಲಪ್ಪನ ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಕೂರಿಸಿದರೆ ಬಲಕ್ಕೆ ವಾಲುತ್ತಿದ್ದ. ತರೀಕೆರೆ ಆಸ್ಪತ್ರೆಯ ನರ್ಸ್ ಜಾಹೇದಾ ಅವನ ಹೆಂಡತಿ ಕರಿಬಸಮ್ಮನಿಗೆ ತೋರಿಸಿಕೊಟ್ಟಿದ್ದರು: "ಎರಡೂ ಪಾದ ನೆಲಕ್ಕೆ ಊರ್ಬೇಕು. ಸೋತ ಕೈನ ಪಕ್ಕಕ್ಕೆ ಊರಿಸಿ ಭಾರ ಬಿಡ್ಸಮ್ಮ. ಎದುರಿಗೆ ಚೊಂಬು ಹಿಡಿ, ಅವ್ನೇ ಎಟುಕಿಸ್ಕೊಳ್ಲಿ. ವಾಲ್ತಾನೆ ಅಂತ ತಬ್ಕೊಂಡೇ ಕೂರ್ಬೇಡ, ಕೈ ಬಿಡು."

ಕೈ ಬಿಡುವುದೇ ಕಷ್ಟ. ಬಿಟ್ಟಾಗಲೆಲ್ಲ ಬೀಳುತ್ತಿದ್ದ. ಅವಳಿಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. "ನಿನ್ ಬಾಯಿಗ್ ಮಣ್ಣಾಕ, ಕೂರೋದೂ ಮರ್ತೋಯ್ತಾ?" ಎಂದು ಬೈದು ಮತ್ತೆ ಎತ್ತುತ್ತಿದ್ದಳು.

ಮಾರನೆಯ ಬೆಳಿಗ್ಗೆ ಗುಡಿಸಲ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಕೂರಿಸಿ ಕೈ ತೆಗೆದಳು. ಕಲ್ಲಪ್ಪ ವಾಲಿದ, ತಡೆದ, ನೆಟ್ಟಗಾದ. ಎಡಗೈ ಚಾಚಿ ಚೊಂಬು ಮುಟ್ಟಿ, ಸೊಟ್ಟ ಬಾಯಲ್ಲೇ ನಕ್ಕ. ಗುಡಿಸಲು ಉಳಿಯಿತು ಎಂದುಕೊಂಡಳು.

ಬೇಲಿಯ ಹತ್ತಿರ ಕಾಲಿನ ಜೋಡು ಕಿರುಗುಟ್ಟಿತು. ಗೌಡ ಬಂದಿದ್ದ, ಹಿಂದೆ ಇಬ್ಬರು ಆಳುಗಳು.

ಹುಟ್ಟಿದಂದಿನಿಂದ ಗೌಡನ ಮನೆಯವರೆದುರು ಕಲ್ಲಪ್ಪ ಕೂತವನಲ್ಲ. ಅವರು ಕಂಡರೆ ಎದ್ದು, ಹೆಗಲ ಟವೆಲು ಕಂಕುಳಿಗೆ ಸೇರಿಸಿ, ಬಾಗಿ ನಿಲ್ಲಬೇಕು. ಮಾತು ಮರೆತ ಮೈ ಅದೊಂದನ್ನು ಮರೆತಿರಲಿಲ್ಲ. ಏಳಲು ಹೋದ.

"ಏಳ್ಬೇಡ! ಕೂತಿರು!" ಎಂದು ಕರಿಬಸಮ್ಮ ಕೂಗುವಷ್ಟರಲ್ಲಿ ಮುಖ ಅಡಿಯಾಗಿ ಬಿದ್ದಿದ್ದ.

"ನೋಡಿದ್ಯಾ? ಸೂಳೆಮಗಂಗೆ ಕೂರಕ್ಕೂ ಆಗಲ್ಲ," ಎಂದ ಸೋಮಶೇಖರಪ್ಪ.

"ಕೂತಿದ್ದ ಬುದ್ದಿ! ನಿಮ್ಮುನ್ ಕಂಡೇ ಎದ್ದಿದ್ದು! ಇನ್ನೊಂದ್ ಸಲ ನೋಡಿ, ನಿಮ್ ಕಾಲಿಗ್ ಬೀಳ್ತೀನಿ!"

"ಏಯ್, ಸೋಗೆ ಕಿತ್ತಾಕ್ರೋ."

ಆಳುಗಳು ಗುಡಿಸಲು ಹತ್ತಿದರು. ಅವರೂ ಕಲ್ಲಪ್ಪನ ಕೇರಿಯವರೇ. ಮುಖ ತಿರುಗಿಸಿಕೊಂಡು ಕಿತ್ತರು. ಕರಿಬಸಮ್ಮ ಗಂಡನ ಮೂಗಿನ ರಕ್ತವನ್ನು ಸೆರಗಿನಿಂದ ಒರೆಸಿ, ಎತ್ತಿ, ಮತ್ತೆ ಕಲ್ಲಿನ ಮೇಲೆ ಕೂರಿಸಿದಳು. ಈ ಸಲ ಗೌಡನಿಗೆ ಬೆನ್ನು ಮಾಡಿ. ಪಾದ ಊರಿಸಿದಳು, ಸೋತ ಕೈ ಊರಿಸಿದಳು. ಆಮೇಲೆ ತಾನೂ ಪಕ್ಕದಲ್ಲಿ ಕೂತಳು, ಗೌಡನ ಎದುರಿಗೇ.

"ಎದ್ದೇಳೇ ಲೌಡಿ!"

"ಕೂರೋದು ಕಲೀತಿದೀವಿ," ಎಂದಳು.

ಸೋಗೆಯ ಧೂಳು ಇಬ್ಬರ ತಲೆಯ ಮೇಲೂ ಉದುರುತ್ತಿತ್ತು. ಕಲ್ಲಪ್ಪ ಮೆಲ್ಲಗೆ ಬಲಕ್ಕೆ ವಾಲತೊಡಗಿದ. ಕರಿಬಸಮ್ಮ ಹಿಡಿಯಲಿಲ್ಲ, ಅವನನ್ನೇ ನೋಡುತ್ತಾ ಕೂತಳು.