ಗಾದಿಯ ಕಾವು

"ಏಯ್ ಮುಂಡೇದೇ, ಮಿಸುಕಾಡಿದ್ರೆ ಬೆನ್ನಿನ ಚರ್ಮ ಸುಲಿಸ್ತೀನಿ! ನೆಟ್ಟಗೆ ಕೂತು ಬೆಚ್ಚಗೆ ಮಾಡು!"

ರಾಜಪುರೋಹಿತ ಅರಚುತ್ತಿದ್ದುದು ನಮ್ಮತ್ತಿಗೆಯ ಮೇಲೆ. ಅವಳು ಕೂತಿದ್ದುದು ಸಿಂಹಾಸನದ ಮೇಲೆ. ನಾನು ಕೆಳಗೆ ಮೊಣಕಾಲೂರಿ ನೆಲ ಒರೆಸುತ್ತಿದ್ದೆ.

ಈ ಅರಮನೆಯ ಕಟ್ಟಳೆಯೇ ಹಾಗೆ. ದೊರೆ ಸತ್ತು ಇನ್ನೊಬ್ಬನಿಗೆ ಪಟ್ಟವಾಗುವ ತನಕ ಗಾದಿ ತಣ್ಣಗಾಗಬಾರದು. ತಣ್ಣಗಾದರೆ ಆ ವಂಶದ ಹಕ್ಕು ಅಲ್ಲಿಗೇ ಮುಗಿಯಿತು. ಪಟ್ಟಕ್ಕೆ ಮೊದಲೇ ಹಕ್ಕುದಾರ ಹೋಗಿ ಕೂತರೂ ಹಕ್ಕು ಹೋಯಿತು. ಅದಕ್ಕೇ ನಮ್ಮ ಕೇರಿಯಿಂದ ಒಬ್ಬರನ್ನು ಎಳೆತಂದು ಕೂರಿಸುತ್ತಾರೆ. ನಾವು ಕೂತರೆ ಅದು ಕೂತ ಲೆಕ್ಕಕ್ಕೆ ಬರುವುದಿಲ್ಲವಂತೆ. ನಮ್ಮನ್ನು ಮುಟ್ಟಿದರೆ ಮೈಲಿಗೆ, ನಮ್ಮ ಕುಂಡೆಯ ಕಾವಿಗೆ ಮಾತ್ರ ಮೈಲಿಗೆಯಿಲ್ಲ.

ಅತ್ತಿಗೆಯ ಗಂಡ, ನಮ್ಮಣ್ಣ, ಬಂದೀಖಾನೆಯಲ್ಲಿದ್ದ. ದೊರೆ ಕೊನೆಯುಸಿರು ಬಿಡುವಾಗ ಮಂಚದಡಿ ಗುಡಿಸುತ್ತಿದ್ದವನು ಸೀನಿಬಿಟ್ಟಿದ್ದ. ಹೊಸ ದೊರೆಯ ಮೊದಲ ಅಪ್ಪಣೆಯೇ ಅವನಿಗೆ ನೇಣು ಎಂದು ಆಗಲೇ ಗೊತ್ತುಮಾಡಿದ್ದರು.

ಹೊಸ ದೊರೆ ಯಾರೆಂಬುದೇ ಇನ್ನೂ ಬಗೆಹರಿದಿರಲಿಲ್ಲ.

"ಹಿರೀ ರಾಣಿ ಮಗ ನಾನು!" ಎಂದ ದಪ್ಪ ರಾಜಕುಮಾರ.

"ಯಾರ ಮಗ ಆದ್ರೇನು, ರಾಜಮಚ್ಚೆ ಇರೋದು ನನಗೆ!" ಸಣಕಲ ರಾಜಕುಮಾರ ಅಲ್ಲೇ ಲಾಡಿ ಬಿಚ್ಚಿ, ಸಭೆಗೆ ಬೆನ್ನು ಮಾಡಿ ಬಗ್ಗಿದ. ಮಂತ್ರಿಗಳು ದೀಪ ಹಿಡಿದು ನೋಡಿದರು.

"ಥೂ, ಅದು ಮಚ್ಚೆಯಲ್ಲ, ಕುರು!"

ಅತ್ತಿಗೆ ಕಿಸಕ್ಕನೆ ನಕ್ಕಳು.

"ನಗ್ತೀಯೇನೇ ಕತ್ತೆಮುಂಡೆ?" ಪುರೋಹಿತ ಹಲ್ಲು ಕಡಿದ. "ಯಾರಿಗೆ ಪಟ್ಟ ಆದ್ರೂ ನಿನ್ ಗಂಡ ನೇತಾಡೋದಂತೂ ಖಂಡಿತ."

ಅವಳ ನಗು ನಿಂತಿತು. "ಬುದ್ಧೀ, ನಾನು ಕೂತಿರೋದು ಕೂತ ಲೆಕ್ಕಕ್ಕಿಲ್ಲ ಅಲ್ವಾ?"

"ಇಲ್ಲ."

"ಹಂಗಾದ್ರೆ ಎದ್ರೂ ಎದ್ದ ಲೆಕ್ಕಕ್ಕಿಲ್ಲ," ಎಂದು ಎದ್ದು ನಿಂತಳು.

ಸಭೆ ಹೌಹಾರಿತು. "ಅದುಮ್ರೋ ಅವಳನ್ನ!" ಎಂದು ಪುರೋಹಿತ ಕಿರುಚಿದ. ರಾಜಕುಮಾರರಿಬ್ಬರೂ ಕೈ ಚಾಚಿದವರು ಮೈಲಿಗೆ ನೆನಪಾಗಿ ಹಿಂದಕ್ಕೆಳೆದುಕೊಂಡರು.

"ಕೂತ್ಕೊಳಮ್ಮ," ಎಂದ ದಪ್ಪನೆಯವ.

"ಕೂತ್ಕೊಳಿ ತಾಯಿ," ಎಂದ ಸಣಕಲ, ಲಾಡಿ ಹಿಡಿದುಕೊಂಡೇ.

"ಮೊದ್ಲು ನನ್ ಗಂಡ ಬರ್ಲಿ. ಅಷ್ಟರಲ್ಲಿ ಗಾದಿ ಆರಿಹೋದ್ರೆ ನಂಗೊತ್ತಿಲ್ಲ."

ಮಂತ್ರಿಯೊಬ್ಬ ಬಂದೀಖಾನೆಗೆ ಓಡಿದ. ಪುರೋಹಿತ ಗಾದಿಯ ಮೇಲೆ ಬಗ್ಗಿ, ಬಾಯಿ ತೆರೆದು ಹಾ ಹಾ ಎಂದು ಬಿಸಿಯುಸಿರು ಬಿಡತೊಡಗಿದ.

ಅಣ್ಣ ಬಂದ. ಬಂದವನೇ ದರ್ಬಾರಿನ ದೀಪಗಳ ಹೊಗೆಗೆ ಇನ್ನೊಮ್ಮೆ ಸೀನಿದ.

"ಬಂದ್ನಲ್ಲ, ಕುಕ್ಕರಿಸೇ ಇನ್ನು!" ಎಂದ ಪುರೋಹಿತ, ಏದುಸಿರಿನಲ್ಲಿ.

"ಪಟ್ಟ ಆದ್ಮೇಲೆ ಇವನನ್ನ ಮತ್ತೆ ಹಿಡ್ಕೊಂಡು ಹೋಗ್ತೀರ, ಅಲ್ವಾ?"

ಸಣಕಲ ಲಾಡಿಯ ಗಂಟು ನೋಡಿಕೊಂಡ.

ಅತ್ತಿಗೆ ನನ್ನ ಕಡೆ ಕೈ ಚಾಚಿದಳು. "ಲೇ, ಆ ಬಕೀಟು ಕೊಡೇ."

ಬಾವಿಯಿಂದ ಸೇದಿದ ತಣ್ಣೀರು, ಇಡೀ ದರ್ಬಾರಿನ ಕೊಳೆ ಅದರಲ್ಲಿತ್ತು. ಅವಳು ಅದನ್ನು ಗಾದಿಯ ಮೇಲೆ ನಿಧಾನವಾಗಿ, ಒಂದು ಮೂಲೆಯನ್ನೂ ಬಿಡದೆ ಸುರಿದಳು.

ನಾವು ಮೂವರೂ ಮೆಟ್ಟಿಲಿಳಿಯುವಾಗ ಹಿಂದಿನಿಂದ ಪುರೋಹಿತನ ಕೂಗು ಕೇಳುತ್ತಿತ್ತು. "ಒರೆಸ್ರೋ! ಬೇಗ ಒರೆಸ್ರೋ ಯಾರಾದ್ರೂ!"

ಒರೆಸುವ ಬಟ್ಟೆ ನನ್ನ ಹೆಗಲ ಮೇಲಿತ್ತು.