ಧಾರೆ ಎರೆದ ಮೇಲೆ

ನನ್ನ ಮಾವ ರಾಮಾಂಜಿನಪ್ಪನವರು ಒಳ್ಳೆಯ ಕೆಲಸವನ್ನೂ ಜಗಳವಾಡಿಕೊಂಡೇ ಮಾಡುವವರು. ತೀರಿಹೋದ ಅತ್ತೆಯ ಹೆಸರಿನಲ್ಲಿ ಗರುಡಾಚಾರ್‌ಪಾಳ್ಯದ ಕಟ್ಟಡವನ್ನು ಒಂದು ಟ್ರಸ್ಟ್ ಮಾಡಿ ಅದಕ್ಕೆ ಬರೆದು, ಕೂಲಿ ಹೆಂಗಸರ ಮಕ್ಕಳಿಗೆಂದು ಶಿಶುವಿಹಾರ ತೆರೆದಾಗಲೂ ಹಾಗೇ. “ನಡೆಸೋ ಟ್ರಸ್ಟಿ ಸರಿಯಿಲ್ದಿದ್ರೆ ತೆಗೆಯೋ ಅಧಿಕಾರ ನಿಮ್ಗೇ ಇರ್ಲಿ, ಒಂದು ಸಾಲು ಸೇರಿಸೋಣ” ಎಂದು ಲಾಯರ್ ವೆಂಕಟಸ್ವಾಮಿ ಪರಿಪರಿಯಾಗಿ ಹೇಳಿದರು.

“ಧಾರೆ ಎರೆದು ಕೊಟ್ಟಿದ್ದಕ್ಕೆ ಮತ್ತೆ ಕೈ ಹಾಕೋ ವಂಶ ಅಲ್ಲ ಕಣ್ರೀ ನಮ್ದು!”

ಅಷ್ಟಕ್ಕೇ ನಿಲ್ಲಲಿಲ್ಲ. ಮದುವೆಯಲ್ಲಿ ಮಗಳನ್ನು ಧಾರೆ ಎರೆಯುವ ಹಾಗೆ, ಲಾಯರ್ ಕಚೇರಿಯಲ್ಲೇ ತಂಬಿಗೆ ತರಿಸಿ ತಮ್ಮನಾದ ಚಿನ್ನಪ್ಪನ ಅಂಗೈಗೆ ನೀರು ಬಿಟ್ಟರು. ಟ್ರಸ್ಟಿ ಅವನೊಬ್ಬನೇ. ನೆಲ ಒರೆಸಿದವಳು ನಾನು.

ಇದೆಲ್ಲ ಆಗಿ ಕೆಲವು ವರ್ಷದ ಮೇಲೆ, 2004ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ನಮ್ಮ ವಠಾರದಲ್ಲಿ ಬಾಡಿಗೆಗಿದ್ದ ಸಾಬಮ್ಮನ ಬಾಗಿಲಲ್ಲಿ ಮಾವ ಕೂಗಾಡುತ್ತಿದ್ದರು. ಒಳಗೆ ಕೋಣೆ ತುಂಬ ಮಕ್ಕಳ ಅಳು.

“ರೂಮು ಕೊಟ್ಟಿದ್ದು ನಿಂಗೆ, ಊರ ಮಕ್ಕಳಿಗಲ್ಲ. ಖಾಲಿ ಮಾಡು!”

ಯಾದಗಿರಿ ಕಡೆಯ ಸಾಬಮ್ಮ ಹೆದರುವವಳಲ್ಲ. “ಎಲ್ಲಿ ಬಿಡ್ಲಿರೀ ಈ ಮಕ್ಕಳ್ನ? ನಿಮ್ಮ ಶಿಶುವಿಹಾರಕ್ಕ ಬೀಗ ಬಿದ್ದದ. ನಿಮ್ಮ ತಮ್ಮಾರು ಗೋಡೌನಿಗಿ ಬಾಡಿಗಿ ಕೊಟ್ಟಾರ. ಎಲ್ಲಾರ ಕೂಸುಗಳ್ನೂ ನೋಡ್ಕೋತ, ಕೂಲಿ ಬಿಟ್ಟು ಕುಂತೀನಿ.”

ಮಾವನಿಗೆ ಎದುರಾಡುವವಳೊಬ್ಬಳು ಸಿಕ್ಕಳೆಂದು ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮಾವ ಮಾತ್ರ “ಖಾಲಿ ಮಾಡು ಅಂದ್ರೆ ಮಾಡು” ಎಂದು ಗುಡುಗಿಯೇ, ಶಿಶುವಿಹಾರ ನೋಡಲು ನನ್ನ ಸ್ಕೂಟಿಯ ಹಿಂದೆ ಕೂತರು.

ಶಿಶುವಿಹಾರದ ತೊಟ್ಟಿಲುಗಳು ಬಿಸಿಲಲ್ಲಿ ಬಿದ್ದಿದ್ದವು. ಒಳಗೆ ಟೈಲ್ಸ್ ಪೆಟ್ಟಿಗೆಗಳು. ಅತ್ತೆಯ ಹೆಸರಿನ ಬೋರ್ಡನ್ನು ಬಾಗಿಲು ಮುಚ್ಚದಂತೆ ಒತ್ತುಕೊಟ್ಟಿದ್ದರು. ಅದನ್ನು ನೋಡಿ ನನಗೂ ಮೈಯೆಲ್ಲ ಉರಿಯಿತು.

“ಖಾಲಿ ಮಾಡ್ಸೋ ಕಳ್ ನನ್ಮಗ್ನೇ!” ಎಂದರು ಮಾವ.

ಅಲ್ಲೇ ಪೆಟ್ಟಿಗೆಯೊಂದರ ಮೇಲೆ ಕೂತಿದ್ದ ಚಿನ್ನಪ್ಪ ಏಳಲೂ ಇಲ್ಲ. “ನೀನ್ಯಾರಣ್ಣ ಕೇಳೋಕೆ? ಟ್ರಸ್ಟಿ ನಾನು. ನೀರು ಬಿಟ್ಟಾಗ್ಲೇ ನಿನ್ ಕೆಲ್ಸ ಮುಗೀತು.”

ಅಲ್ಲಿಂದ ನೇರ ಹೋದರೆ ಲಾಯರ್ ಕೂಡ ಕನಿಕರ ತೋರಿಸಲಿಲ್ಲ. “ಆವತ್ತೇ ಬಡ್ಕೊಂಡೆ. ಟ್ರಸ್ಟ್ ಮಾಡಿದೋರು ನೀವು, ಅಷ್ಟೇ. ಅವನನ್ನ ತೆಗೆಯೋ ಅಧಿಕಾರ ಇಟ್ಕೊಳ್ಲಿಲ್ಲ. ಈಗ ಅಲ್ಲಿ ಮಕ್ಕಳನ್ನ ಬಿಡ್ತಿದ್ದ ತಾಯಂದ್ರು ಕೋರ್ಟಿಗೆ ಬರ್ಬೇಕು. ಇಬ್ಬರಾದ್ರೂ ಬೇಕು. ಹೋಗಿ ಕೇಳ್ಕೊಳ್ಳಿ.”

ಕೇಳಿಕೊಳ್ಳುವುದು! ಮಾವ ಹುಟ್ಟಿದಾಗಿನಿಂದ ಯಾರನ್ನೂ ಏನನ್ನೂ ಕೇಳಿಕೊಂಡವರಲ್ಲ.

ನಾವು ಹಿಂದಿರುಗಿದಾಗ ಸಾಬಮ್ಮ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಮಾವ ಗೋಡೆ ನೋಡುತ್ತಾ ವಿಷಯ ಹೇಳಿದರು. ಕೊನೆಗೆ, “ನೀನು ಬಂದ್ರೆ ಆಗುತ್ತಮ್ಮ” ಎಂದರು. ಅವರ ಬಾಯಲ್ಲಿ ‘ಅಮ್ಮ’ ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು.

“ಬರ್ತೀನ್ರೀ. ಗೆಳತೀನೂ ಕರ್ಕೊಂಡು ಬರ್ತೀನಿ” ಎಂದಳು ಸಾಬಮ್ಮ, ಕೈ ನಿಲ್ಲಿಸದೆ. “ಆದ್ರ ಕೋರ್ಟಿನ ಕಾಗದ ಯಾವ ಮನಿಗಿ ಬರ್ಬೇಕ್ರೀ? ಈ ಮನಿಗೋ, ಇನ್ನ ಹುಡುಕೋ ಮನಿಗೋ?”

ಮಾವನ ಮುಖ ಕೆಂಪಾಯಿತು. ಬೈಯುತ್ತಾರೆಂದೇ ಅಂದುಕೊಂಡೆ.

“ಯಾರೂ ಖಾಲಿ ಮಾಡ್ಸಲ್ಲ. ಮಾತು ಕೊಡ್ತೀನಿ. ಸುಕನ್ಯಾ, ತಂಬಿಗೆ ತಾ!”

ನಾನು ತಂದುಕೊಟ್ಟೆ. ಸಾಬಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

“ನೀರು ಬ್ಯಾಡ್ರೀ ಯಜಮಾನ್ರ. ಬರ್ದು ಕೊಡ್ರಿ.”

ನಾನು ತಂಬಿಗೆ ಕೆಳಗಿಟ್ಟು ಪೆನ್ನು ತರಲು ಹೋದೆ.